ಒಂದೇ ಭೂದೃಶ್ಯ, ನಾಲ್ಕು ಕ್ರಾಪ್: ಯಾವುದನ್ನು ಉಳಿಸಿಕೊಳ್ಳಬೇಕೆಂದು ಬಗೆಹರಿಯುತ್ತಿಲ್ಲ

ಪ್ರಶ್ನೆ

ನಮಸ್ಕಾರ. ಸರೋವರದ ದಡದಿಂದ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರವೊಂದನ್ನು ಯಾವ ಆಕಾರಕ್ಕೆ ಕ್ರಾಪ್ ಮಾಡಬೇಕು, ಅಂದರೆ ಅಂಚುಗಳನ್ನು ಕತ್ತರಿಸಿ ಉಳಿಸಿಕೊಳ್ಳಬೇಕು, ಎಂಬುದು ಬಗೆಹರಿಯುತ್ತಿಲ್ಲ. ಫುಲ್ ಫ್ರೇಮ್ ಕ್ಯಾಮೆರಾ, 24 ಮಿ.ಮೀ. ಲೆನ್ಸ್, ಎಫ್/11 ಅಪರ್ಚರ್ (ಲೆನ್ಸಿನ ತೆರಪು), ಎದೆಯೆತ್ತರದ ಟ್ರೈಪಾಡ್. ರಾ ಫೈಲಿನ (ಕ್ಯಾಮೆರಾ ದಾಖಲಿಸಿದ, ಸಂಸ್ಕರಿಸದ ಮೂಲ ಫೈಲಿನ) ಅಳತೆ 6000×4000 ಪಿಕ್ಸೆಲ್. ಎಡಗಡೆ ಕೆಳಮೂಲೆಯ ಬಳಿ, ಕ್ಯಾಮೆರಾದಿಂದ ಸುಮಾರು ಎರಡು ಮೀಟರ್ ದೂರದಲ್ಲಿ ಒಂದು ಬಂಡೆಯಿದೆ. ಫೋಕಸ್ ಅದರ ಮೇಲಿದೆ. ಬಲಗಡೆ, ಆಚೆಯ ದಡದಲ್ಲಿ, ಬಿಸಿಲು ಬಿದ್ದ ಬೆಟ್ಟದ ತುದಿ ಮತ್ತು ನೀರಿನಲ್ಲಿ ಅದರ ಪ್ರತಿಬಿಂಬ. ಇವೆರಡರ ನಡುವೆ ಏನೂ ಇಲ್ಲದ ನೀರಿನ ಅಗಲವಾದ ಪಟ್ಟಿ. ದಿಗಂತ ಸುಮಾರು 2 ಡಿಗ್ರಿ ವಾಲಿದೆ. ಅದನ್ನು ಪ್ರತಿ ಕ್ರಾಪ್‌ನಲ್ಲೂ ಬೇರೆಬೇರೆಯಾಗಿ ಕಣ್ಣಂದಾಜಿನಲ್ಲಿ ತಿದ್ದಿದ್ದೇನೆ.

ಸಿದ್ಧಪಡಿಸಿರುವ ರೂಪಗಳು ಇವು (ಅಂಕಿಗಳು ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ): ಇಡೀ 3:2, ಆಕಾಶವನ್ನೂ ಈಚೆಯ ದಡವನ್ನೂ ಸ್ವಲ್ಪಸ್ವಲ್ಪ ಕತ್ತರಿಸಿದ 16:9, ಬಂಡೆ ಮತ್ತು ಬೆಟ್ಟದ ತುದಿ ಎರಡನ್ನೂ ಹಿಡಿದಿಟ್ಟ ಚೌಕ, ಬಂಡೆಯನ್ನು ಬಿಟ್ಟು ಬೆಟ್ಟ ಮತ್ತು ಪ್ರತಿಬಿಂಬವನ್ನಷ್ಟೇ ಉಳಿಸಿದ ಲಂಬವಾದ 4:5. ಕಂಪ್ಯೂಟರಿನಲ್ಲಿ ನೋಡಿದಾಗಲೆಲ್ಲ 16:9 ಮೇಲೆನಿಸುತ್ತದೆ, ಫೋನಿನಲ್ಲಿ ನೋಡಿದಾಗ 4:5 ಮೇಲೆನಿಸುತ್ತದೆ. 3:2ರಲ್ಲಿ ಸ್ಪಷ್ಟವಾಗಿರುವ ಬೆಟ್ಟ 4:5ರಲ್ಲಿ ಕೊಂಚ ಮಸುಕಾಗಿ ಕಾಣುವುದು ಇನ್ನೊಂದು ಗೊಂದಲ. ಮುಖ್ಯ ವಸ್ತುವನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲು ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಭಾಗ ಮಾಡುವ, ಮೂರನೇ ಒಂದು ಭಾಗದ ಗೆರೆಗಳನ್ನು ಹಾಕಿ ನೋಡಿದೆ. ಒಂದಲ್ಲ ಒಂದು ರೀತಿಯಲ್ಲಿ ನಾಲ್ಕೂ ಹೊಂದುತ್ತವೆ. ಹೋಲಿಸುವ ಸರಿಯಾದ ಕ್ರಮ ಯಾವುದು?

ಉತ್ತರ 1

ನೀವು ಬರೆದಿರುವ ಒಂದು ವಿವರದಲ್ಲೇ ತೊಂದರೆಯ ಮೂಲವಿದೆ ಎಂದು ನನಗೆ ಅನಿಸುತ್ತದೆ. ಕಂಪ್ಯೂಟರಿನಲ್ಲಿ 16:9, ಫೋನಿನಲ್ಲಿ 4:5 ಗೆಲ್ಲುತ್ತಿದೆಯೆಂದರೆ ನೀವು ಸಂಯೋಜನೆಗಳನ್ನು ಹೋಲಿಸುತ್ತಿಲ್ಲ, ಅವು ಪರದೆಯಲ್ಲಿ ಪಡೆಯುವ ಗಾತ್ರವನ್ನು ಹೋಲಿಸುತ್ತಿದ್ದೀರಿ. 1920×1080 ಪರದೆಯಲ್ಲಿ 16:9 ಚಿತ್ರ ಪೂರ್ತಿ ಜಾಗವನ್ನು ತುಂಬಿಕೊಂಡರೆ ಲಂಬವಾದ 4:5ಕ್ಕೆ ಸಿಗುವುದು 864×1080 ಮಾತ್ರ, ಅಂದರೆ ಅರ್ಧಕ್ಕಿಂತಲೂ ಕಡಿಮೆ. ನೆಟ್ಟಗೆ ಹಿಡಿದ ಫೋನಿನಲ್ಲಿ ಇದು ತಿರುಗಿ ನಿಲ್ಲುತ್ತದೆ. ದೊಡ್ಡದಾಗಿ ಕಾಣುವ ಚಿತ್ರದಲ್ಲಿ ವಿವರವೂ ಬೆಳಕೂ ಹೆಚ್ಚು ಕಾಣುವುದರಿಂದ ಮನಸ್ಸು ಅದರ ಕಡೆಗೇ ವಾಲುತ್ತದೆ.

ಆದ್ದರಿಂದ ನಾಲ್ಕನ್ನೂ ಸಮಾನ ವಿಸ್ತೀರ್ಣಕ್ಕೆ ಎಕ್ಸ್‌ಪೋರ್ಟ್ ಮಾಡಿ. ಪ್ರತಿಯೊಂದಕ್ಕೂ ಸುಮಾರು ಹತ್ತು ಲಕ್ಷ ಪಿಕ್ಸೆಲ್ ಕೊಡುವುದಾದರೆ ಚೌಕ 1000×1000, 3:2 ಚಿತ್ರ 1225×816, 16:9 ಚಿತ್ರ 1333×750, ಲಂಬವಾದ 4:5 ಚಿತ್ರ 894×1118 ಆಗುತ್ತದೆ. ಇವುಗಳನ್ನು ಮಧ್ಯಮ ಬೂದು ಬಣ್ಣದ ಹಿನ್ನೆಲೆಯ ಮೇಲೆ, ಒಂದೇ ಪರದೆಯಲ್ಲಿ, ಹಿಗ್ಗಿಸದೆ ನೋಡಿ. ಹಿನ್ನೆಲೆ ಕಪ್ಪಾಗಿದ್ದರೆ ಸಂಜೆಯ ಚಿತ್ರಗಳೆಲ್ಲ ಇರುವುದಕ್ಕಿಂತ ಹೆಚ್ಚು ಬೆಳಗುತ್ತವೆ.

ಅದಕ್ಕೂ ಮೊದಲು ಮೂಲ ಫೈಲಿನಲ್ಲೇ ಲೆನ್ಸ್ ತಿದ್ದುಪಡಿಯನ್ನೂ ದಿಗಂತದ ವಾಲುವಿಕೆಯನ್ನೂ ಮುಗಿಸಿ, ಬೆಳಕು ಮತ್ತು ಬಣ್ಣದ ಕೆಲಸವನ್ನೂ ಪೂರೈಸಿ, ಆಮೇಲೆ ನಕಲುಗಳನ್ನು ಮಾಡಿ. ಚಿತ್ರ ತಿದ್ದುವ ತಂತ್ರಾಂಶಗಳ ಪೈಕಿ ಲೈಟ್‌ರೂಮ್‌ನಲ್ಲಾದರೆ ವರ್ಚುವಲ್ ಕಾಪಿ, ಡಾರ್ಕ್‌ಟೇಬಲ್‌ನಲ್ಲಾದರೆ ಡೂಪ್ಲಿಕೇಟ್. ಎರಡರಲ್ಲೂ ರಾ ಫೈಲ್ ಮುಟ್ಟದೆ ಉಳಿಯುತ್ತದೆ. 2 ಡಿಗ್ರಿ ತಿರುಗಿಸಿ ಮತ್ತೆ 3:2ಕ್ಕೇ ಕತ್ತರಿಸಿದರೆ ವಿಸ್ತೀರ್ಣದ ಸುಮಾರು ಹತ್ತನೇ ಒಂದು ಭಾಗ ಹೋಗುತ್ತದೆ, ಉಳಿಯುವುದು ಹೆಚ್ಚುಕಡಿಮೆ 5700×3800. ಪ್ರತಿ ನಕಲಿನಲ್ಲೂ ಬೇರೆಬೇರೆಯಾಗಿ ತಿರುಗಿಸಿದಾಗ ಅಂಚುಗಳಲ್ಲಿ ಉಳಿಯುವ ಅಂಶಗಳೂ ಬೇರೆಬೇರೆಯಾಗುತ್ತವೆ, ಹೋಲಿಕೆಗೆ ನೆಲೆಯೇ ಇರುವುದಿಲ್ಲ. ವಿನ್ಯೆಟ್ (ಅಂಚುಗಳನ್ನು ಕಪ್ಪಾಗಿಸುವ ನೆರಳು) ಹಾಕಿದ್ದರೆ ಸದ್ಯಕ್ಕೆ ತೆಗೆದುಬಿಡಿ: ಲೈಟ್‌ರೂಮ್‌ನ ಎಫೆಕ್ಟ್ಸ್ ವಿಭಾಗದ ವಿನ್ಯೆಟ್ ಕ್ರಾಪ್‌ನ ಹೊಸ ಅಂಚನ್ನೇ ಹಿಂಬಾಲಿಸುವುದರಿಂದ, ಒಂದು ಕ್ರಾಪ್‌ನಲ್ಲಿ ಬರಿಯ ಆಕಾಶವನ್ನು ಕಪ್ಪಾಗಿಸುವ ಅದೇ ನೆರಳು ಇನ್ನೊಂದರಲ್ಲಿ ಬಂಡೆಯನ್ನೇ ನುಂಗಿಬಿಡಬಹುದು.

ಉತ್ತರ 2

ಮೇಲಿನ ಕ್ರಮವನ್ನು ಒಪ್ಪುತ್ತೇನೆ. ನನ್ನದೊಂದು ಸಲಹೆಯಿದೆ. 1998ರಲ್ಲಿ ಬಂದ ಎಕ್ಸ್‌ಪ್ಯಾನ್ ಫಿಲ್ಮ್ ಕ್ಯಾಮೆರಾದ 65:24 ಆಕಾರವನ್ನೂ ಪ್ರಯತ್ನಿಸಿ ನೋಡಬಹುದು. ಖಾಲಿ ನೀರು ಹೇಗೂ ಅಡ್ಡಪಟ್ಟಿಯಾಗಿರುವುದರಿಂದ ಅದನ್ನು ಬಂಡೆಯ ಸಮೇತ ಕೆಳಗಿನಿಂದ ಕತ್ತರಿಸಿಬಿಡಬಹುದಲ್ಲವೇ?

ಉತ್ತರ 3

ಆಗ ಬಂಡೆ ಹೋಗುತ್ತದೆ, ಆದರೆ ಬಂಡೆಯಿದ್ದ ಎಡ ಅರ್ಧ ಹಾಗೆಯೇ ಉಳಿಯುತ್ತದೆ. ಬಲಗಡೆಯ ಬೆಟ್ಟಕ್ಕೆ ಎದುರಾಗಿ ಅಲ್ಲಿ ತೂಕವಿರುವ ಏನೂ ಇಲ್ಲ. ಉದ್ದಕ್ಕೂ ಏನಾದರೂ ನಡೆಯುತ್ತಿರುವ ದೃಶ್ಯಕ್ಕೆ, ಉದಾಹರಣೆಗೆ ಸಾಲುಬೆಟ್ಟಗಳಿಗೆ, ಆ ಆಕಾರ ಬಹಳ ಚೆನ್ನಾಗಿ ಒಪ್ಪುತ್ತದೆ, ಇಲ್ಲಿ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಗೆ: ಹೋಲಿಕೆಯನ್ನು ಸಮಗೊಳಿಸಿದ ಮೇಲೆ ಪ್ರತಿ ಕ್ರಾಪ್ ಏನನ್ನು ಸೇರಿಸಿಕೊಂಡಿದೆ ಎಂದು ನೋಡುವ ಬದಲು ಏನನ್ನು ಬಿಟ್ಟುಕೊಟ್ಟಿದೆ ಎಂದು ನೋಡಿ. ನಿಮ್ಮ ಚೌಕವನ್ನೇ ತೆಗೆದುಕೊಳ್ಳಿ. ಮೂಲದಲ್ಲಿ ಬಂಡೆಗೂ ತುದಿಗೂ ನಡುವಿನ ಅಂತರ ಚಿತ್ರದ ಎತ್ತರಕ್ಕೆ ಹತ್ತಿರವಾಗಿರಬೇಕು. ಎರಡನ್ನೂ ಒಳಗೆ ತರುವುದಕ್ಕಾಗಿ ಎರಡನ್ನೂ ಅಂಚಿಗೆ ತಳ್ಳಿದಂತಾಗಿ, ನಟ್ಟನಡುವಿನ ಗೌರವದ ಜಾಗ ಖಾಲಿ ನೀರಿಗೆ ಸಿಕ್ಕಿರುತ್ತದೆ. ಮೂರನೇ ಒಂದು ಭಾಗದ ಗೆರೆಗಳು ಇದನ್ನು ತೋರಿಸಲಾರವು, ಏಕೆಂದರೆ ಅವು ವಸ್ತು ಎಲ್ಲಿದೆ ಎಂದು ಹೇಳುತ್ತವೆಯೇ ಹೊರತು ಎರಡು ವಸ್ತುಗಳು ಪರಸ್ಪರ ಮಾತಾಡುತ್ತಿವೆಯೇ ಎಂದು ಹೇಳುವುದಿಲ್ಲ. ನಾಲ್ಕು ಬೇರೆಬೇರೆ ಕ್ರಾಪ್‌ಗಳಿಗೂ ಒಂದೇ ಗೆರೆಜಾಲ ಹೊಂದಿಕೊಳ್ಳುತ್ತದೆಯೆಂದಾದರೆ, ಆರಿಸುವ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅದರ ಬದಲು ಚಿತ್ರವನ್ನು ಸುಮಾರು 150 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ನೋಡಿ. ವಿವರ ಮಾಯವಾಗಿ ಬೆಳಕು ಕತ್ತಲೆಯ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ ತಿರುಗಿಸಿಯೂ ನೋಡಿ. ಅಭ್ಯಾಸವಾದ ಕಣ್ಣಿಗೆ ತಪ್ಪಿಹೋಗಿದ್ದ ಅಸಮತೋಲ ಆಗ ತಾನಾಗಿ ಎದ್ದು ಕಾಣುತ್ತದೆ.

4:5ರಲ್ಲಿ ಬೆಟ್ಟ ಮಸುಕಾಗುವುದಕ್ಕೂ ಕಾರಣವಿದೆ, ಅದು ಫೈಲಿನ ದೋಷವಲ್ಲ. 24 ಮಿ.ಮೀ., ಎಫ್/11ಕ್ಕೆ ವಾಡಿಕೆಯ 0.03 ಮಿ.ಮೀ. ಅಳತೆಗೋಲಿನಂತೆ (ಸೆನ್ಸರಿನ ಮೇಲೆ ಇಷ್ಟರೊಳಗಿನ ಮಸುಕನ್ನು ಸ್ಪಷ್ಟವೆಂದೇ ಎಣಿಸುತ್ತಾರೆ) ಹೈಪರ್‌ಫೋಕಲ್ ದೂರ, ಅಂದರೆ ಅತಿ ದೂರದ ವಸ್ತುಗಳೂ ಸ್ಪಷ್ಟವಾಗಿ ಕಾಣಲು ಫೋಕಸ್ ಇಡಬೇಕಾದ ಕನಿಷ್ಠ ದೂರ, ಸುಮಾರು 1.8 ಮೀಟರ್. ಎರಡು ಮೀಟರಿನ ಬಂಡೆಯ ಮೇಲೆ ಫೋಕಸ್ ಇಟ್ಟಾಗ ಇಡೀ ಚಿತ್ರದಲ್ಲಿ ಬೆಟ್ಟವೂ ಆ ಮಿತಿಯೊಳಗೇ ಇತ್ತು. ಆದರೆ ಒಂದು ಭಾಗವನ್ನು ಕತ್ತರಿಸಿ ಹಿಗ್ಗಿಸಿ ನೋಡುವಾಗ ಮಸುಕೂ ಅಷ್ಟೇ ಹಿಗ್ಗುವುದರಿಂದ ಅಳತೆಗೋಲನ್ನು ಬಿಗಿಗೊಳಿಸಬೇಕಾಗುತ್ತದೆ; ನಿಮ್ಮ 4:5ಕ್ಕೆ ಆ ದೂರ ಎರಡೂವರೆ ಮೀಟರನ್ನು ದಾಟುತ್ತದೆ. ಎರಡು ಮೀಟರಿನ ಫೋಕಸ್ ಅದಕ್ಕೆ ಸಾಲದು. ಸ್ಥಳದಲ್ಲೇ ಕ್ರಾಪ್‌ನ ಯೋಚನೆ ಇದ್ದರೆ ದೂರದ ವಸ್ತುವಿಗೆ ಫೋಕಸ್ ಮಾಡಿದ ಇನ್ನೊಂದು ಫ್ರೇಮನ್ನೂ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಇನ್ನು ನಡುವಿನ ನೀರು. ಇದನ್ನು ಯಾವ ಕ್ರಾಪ್ ಕೂಡ ಬಗೆಹರಿಸಲಾರದು. ಬಂಡೆಗೂ ಬೆಟ್ಟಕ್ಕೂ ಇರುವ ಗಾತ್ರದ ಸಂಬಂಧ, ಅವುಗಳ ನಡುವಿನ ಅಂತರ ಇವೆಲ್ಲ ಕ್ಯಾಮೆರಾ ನಿಂತ ಜಾಗದಿಂದ ತೀರ್ಮಾನವಾಗುತ್ತವೆ. ಕತ್ತರಿಸಿದರೆ ನೋಟದ ಕೋನ ಕಿರಿದಾಗುತ್ತದೆ ಅಷ್ಟೇ. ಎದೆಯೆತ್ತರದಿಂದ ನೋಡಿದಾಗ ನೀರಿನ ಪಟ್ಟಿ ಮೇಲಕ್ಕೆ ಹರಡಿಕೊಳ್ಳುತ್ತದೆ. ಟ್ರೈಪಾಡನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿದರೆ ಬಂಡೆಯ ನೆತ್ತಿ ಆಚೆಯ ದಡದ ಕಡೆಗೆ ಏರಿ, ಪಟ್ಟಿ ತೆಳುವಾಗಿ, ಬಂಡೆಯಿಂದ ಬೆಟ್ಟಕ್ಕೆ ಕಣ್ಣು ಹೋಗಲು ದಾರಿಯಾಗುತ್ತದೆ. ಮತ್ತೆ ಅಲ್ಲಿಗೆ ಹೋಗುವ ಅವಕಾಶವಿದ್ದರೆ ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ ಎಂದು ಒತ್ತಿ ಹೇಳುತ್ತೇನೆ. ಬಂಡೆ ಬೇಡವೆಂದಾದರೆ 24 ಮಿ.ಮೀ. ಚಿತ್ರವನ್ನು ಕತ್ತರಿಸುವುದಕ್ಕಿಂತ 50 ಅಥವಾ 70 ಮಿ.ಮೀ. ಲೆನ್ಸಿನಲ್ಲಿ ಬೆಟ್ಟವನ್ನೇ ತೆಗೆಯುವುದು ಮೇಲು.

ಪ್ರಶ್ನೆ ಕೇಳಿದವರಿಂದ

ನೀವು ಹೇಳಿದಂತೆ ಮೂಲದಲ್ಲೇ ಎಲ್ಲವನ್ನೂ ತಿದ್ದಿ, ಸಮಾನ ವಿಸ್ತೀರ್ಣದಲ್ಲಿ ನೋಡಿದೆ. 16:9ರ ಆಕರ್ಷಣೆ ಕೂಡಲೇ ಇಳಿದುಹೋಯಿತು: ಅದರಲ್ಲಿ ಬಂಡೆಯ ಬುಡ ಕತ್ತರಿಸಿಹೋಗಿ ಅದು ನೀರಿನಲ್ಲಿ ತೇಲುತ್ತಿರುವಂತೆ ಕಾಣುತ್ತಿತ್ತು. ಚೌಕವನ್ನೂ ಕೈಬಿಟ್ಟಿದ್ದೇನೆ. ಉಳಿದಿರುವುದು 3:2 ಮತ್ತು 4:5. ಚಿಕ್ಕದಾಗಿಸಿ ನೋಡಿದಾಗ 3:2ರಲ್ಲಿ ಎರಡು ಪ್ರತ್ಯೇಕ ಚಿತ್ರಗಳು ಅಂಟಿಕೊಂಡಿರುವಂತೆ ತೋರುತ್ತದೆ, 4:5ರಲ್ಲಿ ಬೆಟ್ಟವೂ ಪ್ರತಿಬಿಂಬವೂ ಒಂದೇ ರೂಪವಾಗಿ ನಿಲ್ಲುತ್ತವೆ. ಇದೇ ಬೆಟ್ಟಕ್ಕೆ ಫೋಕಸ್ ಮಾಡಿದ ಇನ್ನೊಂದು ಫ್ರೇಮ್ ಕೂಡ ಸಿಕ್ಕಿದೆ. ಮುದ್ರಣಕ್ಕೆ ಅದರ 4:5 ಕ್ರಾಪ್‌ನ ಪಿಕ್ಸೆಲ್‌ಗಳು ಸಾಲುತ್ತವೆಯೇ?

ಉತ್ತರ 1

ಧಾರಾಳವಾಗಿ ಸಾಲುತ್ತವೆ. ನೇರಗೊಳಿಸಿದ ಮೇಲೆ 4:5ಕ್ಕೆ ಸುಮಾರು 3040×3800 ಉಳಿದಿರುತ್ತದೆ. 8×10 ಅಂಗುಲದ ಕಾಗದ ಇದೇ ಆಕಾರದ್ದಾದ್ದರಿಂದ ಏನನ್ನೂ ಮತ್ತೆ ಕತ್ತರಿಸದೆ ಅಂಗುಲಕ್ಕೆ 380 ಪಿಕ್ಸೆಲ್ ಸಿಗುತ್ತದೆ. 300ಕ್ಕೆ ಇಳಿಸಿಕೊಂಡರೆ ಹತ್ತಕ್ಕೆ ಹನ್ನೆರಡೂವರೆ ಅಂಗುಲದವರೆಗೆ ಹೋಗಬಹುದು. 3:2 ನಕಲನ್ನೂ ಅಳಿಸದೆ ಇಟ್ಟುಕೊಳ್ಳಿ. ಕ್ಯಾಮೆರಾ ಇಳಿಸಿ ತೆಗೆಯುವ ಮುಂದಿನ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು, ನೀರಿನ ಪಟ್ಟಿ ಎಷ್ಟು ತೆಳುವಾಗಿದೆ ಎಂದು ಅಳೆಯಲು ಅದೇ ಬೇಕಾಗುತ್ತದೆ.