ರಾತ್ರಿ 10ರ ನಂತರ ಮೈಕ್: ಅರ್ಜಿ ಯಾರಿಗೆ ಕೊಡಬೇಕು?

ನಮಸ್ಕಾರ. ಶಿರಸಿ ಕಡೆಯ ನಮ್ಮೂರಲ್ಲಿ ಮೇ ತಿಂಗಳಿಗೆ ಊರವರೇ ಸೇರಿ ಸಣ್ಣ ಸಂಗೀತ-ಕಲಾ ಹಬ್ಬ ಮಾಡುತ್ತಿದ್ದೇವೆ. ಫ್ಲೆಕ್ಸ್ ಇಲ್ಲ, ಹಳೇ ಪಂಚೆ ಮೇಲೆ ಮಕ್ಕಳು ಬರೆದ ಬ್ಯಾನರ್. ಬಾಳೆಲೆ ಊಟ, ಸ್ಟೀಲ್ ಲೋಟ, ಎಂಜಲೆಲೆ ಗೊಬ್ಬರದ ಗುಂಡಿಗೆ. ಅದೆಲ್ಲ ಸಲೀಸು.

ತಲೆಬಿಸಿ ಆಗಿರುವುದು ಕೊನೆಯ ಯಕ್ಷಗಾನದ್ದು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರ ನಂತರ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಆದರೆ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ವರ್ಷಕ್ಕೆ ಹೆಚ್ಚೆಂದರೆ 15 ದಿನ, 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಆ ದಿನಗಳ ಪಟ್ಟಿಯನ್ನು ಸರ್ಕಾರ ಮೊದಲೇ ಗೊತ್ತು ಮಾಡಿರಬೇಕಂತೆ. ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದಕ್ಕೆ ಹೋಗಿ ಅನ್ನುತ್ತಾರೆ, ಅಲ್ಲಿಂದ ವಾಪಸ್ ಇಲ್ಲಿಗೇ. ಸುಮ್ನೆ ಅಲೆದಾಟ. ಚಂಡೆ ಕಾವೇರುವುದೇ ಹತ್ತರ ಮೇಲೆ, ಅಲ್ವಾ?

ಪಟ್ಟಿಯಲ್ಲಿಲ್ಲದ ದಿನಕ್ಕೆ ಯಾರಾದರೂ ಅನುಮತಿ ಪಡೆದಿದ್ದೀರಾ? ಅರ್ಜಿ ಯಾರ ಹೆಸರಿಗೆ, ಎಷ್ಟು ದಿನ ಮೊದಲು ಕೊಟ್ಟಿರಿ?