ಹೋಮಿಸೈಡ್ ಅಂದ್ರೆ ಕೊಲೆ ಅಲ್ಲ ಕಣೋ: ನಮ್ಮ ಎಂಬಿಬಿಎಸ್ ಬ್ಯಾಚ್ ಗ್ರೂಪಿನ ಒಂದು ರಾತ್ರಿ

ಉಮೇಶ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಅಮೆರಿಕದಲ್ಲಿ ಪೊಲೀಸರು ಗುಂಡಿಟ್ಟು ಕೊಂದು ‘ಅವನೇ ಸಾಯಬೇಕೂಂತ ನಮ್ಮನ್ನ ಕೆಣಕಿದ’ ಅಂದರೆ ಸಾಕು, ಡಾಕ್ಟರು ಸರ್ಟಿಫಿಕೇಟಲ್ಲಿ ‘ಆತ್ಮಹತ್ಯೆ’ ಬರೆದು ಕೇಸ್ ಮುಚ್ತಾರೆ!! ಡಾಕ್ಟರ್ ಮಿತ್ರರಿಗೆಲ್ಲ ತಲುಪಿಸಿ 🙏

ಗೀತಾ: ಅಯ್ಯೋ ಕಾಲ ಕೆಟ್ಟೋಯ್ತು.

ಪ್ರಸನ್ನ: ಮೂಲ? ಯಾವ ರಾಜ್ಯ, ಯಾವ ಆಫೀಸು?

ಉಮೇಶ: ಬಂದಿದ್ದನ್ನ ಹಾಕಿದೀನಿ. ನಿನಗೆ ಗುಡ್ ಮಾರ್ನಿಂಗ್‌ಗೂ ಮೂಲ ಬೇಕು.

ಶೈಲಾ: ಉಲ್ಟಾ ಇದೆ ಉಮೇಶ. ಅಲ್ಲಿ ಸಾವಿನ ರೀತಿಗೆ ಐದು ಖಾನೆ: ಸಹಜ, ಅಪಘಾತ, ಆತ್ಮಹತ್ಯೆ, ಹೋಮಿಸೈಡ್, ತೀರ್ಮಾನಿಸಲಾಗದ್ದು. ಇನ್ನೊಬ್ಬ ಬೇಕೆಂದೇ ಮಾಡಿದ್ದರಿಂದ ಸತ್ತರೆ ಹೋಮಿಸೈಡ್. ಟ್ರಿಗರ್ ಎಳೆದ ಬೆರಳು ಪೊಲೀಸಿಂದು, ಹಾಗಾಗಿ ಸಾಮಾನ್ಯವಾಗಿ ಅದೇ ಖಾನೆ. ಲಾಸ್ ಏಂಜಲೀಸ್ ಕೌಂಟಿ ಶೆರಿಫ್ (ಅಲ್ಲಿನ ಕೌಂಟಿ ಪೊಲೀಸ್) ಇಲಾಖೆಯ 1987–97ರ 437 ಗುಂಡಿನ ಪ್ರಕರಣ ನೋಡಿದ ಅಧ್ಯಯನ 1998ರಲ್ಲಿ ‘ಆನಲ್ಸ್ ಆಫ್ ಎಮರ್ಜೆನ್ಸಿ ಮೆಡಿಸಿನ್’ನಲ್ಲಿ ಬಂತು. 46 ಪ್ರಕರಣ ಸಾಯಲೆಂದೇ ಕೆಣಕಿದ್ದು. ಅದರಲ್ಲಿ ಸತ್ತವರಿಗೆಲ್ಲ ಕರೋನರ್ ಬರೆದದ್ದು ಹೋಮಿಸೈಡ್.

ಗೀತಾ: ಕೊರೊನಾ ಮತ್ತೆ ಬಂತಾ??

ಪ್ರಸನ್ನ: ಕರೋನರ್, ಗೀತಾ. ಸಾವಿನ ಕಾರಣ ತನಿಖೆ ಮಾಡೋ ಅಧಿಕಾರಿ.

ಉಮೇಶ: ಅಂದ್ರೆ ಪೊಲೀಸರು ಕೊಲೆಗಾರರು ಅಂತ ಡಾಕ್ಟರೇ ಒಪ್ಪಿದ ಹಾಗಾಯ್ತು. ಫಾರ್ವರ್ಡ್ ಸರೀನೇ ಇದೆ.

ಶೈಲಾ: ಹೋಮಿಸೈಡ್ ಅಂದ್ರೆ ನರಹತ್ಯೆ. ನರಹತ್ಯೆ ಬೇರೆ, ಕೊಲೆ ಬೇರೆ. ನಮ್ಮ ನ್ಯಾಯ ಸಂಹಿತೆಯಲ್ಲೂ ನರಹತ್ಯೆಗೆ ಕಲಂ 100, ಕೊಲೆಗೆ 101. ಆ ಖಾನೆ ಹೇಳೋದು ಯಾರ ಕೈಯಿಂದ ಸತ್ತ ಅಂತ ಮಾತ್ರ. ಹಾರಿಸಿದ್ದು ನ್ಯಾಯವೋ ಅನ್ಯಾಯವೋ ಅನ್ನೋದು ಪ್ರಾಸಿಕ್ಯೂಟರ್, ಕೋರ್ಟಿನ ತಲೆನೋವು.

ನಾಗರಾಜ: ಹಂಗಾರ ಅಂವ ಸಾಯಾಕಂತನ ಬಂದಿದ್ದು ಎಲ್ಲಿ ಬರೀತಾರ?

ಶೈಲಾ: ‘ಗಾಯ ಹೇಗಾಯಿತು’ ಅಂತ ಬೇರೆ ಸಾಲಿದೆ, ತನಿಖಾ ವರದಿ ಇದೆ. ಆ ಸಾಲಲ್ಲಿ ‘ಪೊಲೀಸರು ಹಾರಿಸಿದ ಗುಂಡು’ ಅಂತ ಬರೀಲೇಬೇಕು. ಬರೇ ‘ಗುಂಡೇಟು’ ಅಂದರೆ ಐಸಿಡಿ-10ರ (ಸಾವಿನ ಕಾರಣಗಳ ಕೋಡ್ ಪಟ್ಟಿ) ವೈ35, ಅಂದ್ರೆ ಪೊಲೀಸ್ ಕ್ರಮದಿಂದಾದ ಸಾವಿನ ಕೋಡ್, ಸಿಗಲ್ಲ, ಮಾಮೂಲಿ ಹಲ್ಲೆಯ ಕೋಡ್ ಬೀಳತ್ತೆ. ಅಮೆರಿಕದಲ್ಲಿ 1980ರಿಂದ 2018ರವರೆಗೆ ಪೊಲೀಸ್ ಹಿಂಸೆಯಿಂದಾದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರಿ ಲೆಕ್ಕದಲ್ಲಿ ಹಾಗೆ ಕಾಣಿಸಲೇ ಇಲ್ಲ ಅಂತ 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು. ಬೈಯೋದಿದ್ರೆ ಇದನ್ನ ಬೈಯಿ.

ಜಯಂತ: ಸಣ್ಣ ತಿದ್ದುಪಡಿ. ಚೀಟಿ ಬರೆದಿಟ್ಟಿದ್ದ, ತಾನೇ 911ಕ್ಕೆ (ಅಲ್ಲಿನ ತುರ್ತು ನಂಬರ್) ಫೋನ್ ಮಾಡಿದ್ದ, ಕೈಲಿದ್ದದ್ದು ಆಟಿಕೆ ಪಿಸ್ತೂಲು ಅಂತ ಗಟ್ಟಿ ಸಾಕ್ಷಿ ಇದ್ದರೆ ‘ಆತ್ಮಹತ್ಯೆ’ ಟಿಕ್ ಮಾಡೋ ವೈದ್ಯರೂ ಇದಾರೆ. ಪೊಲೀಸ್ ಬರೀ ಸಾಧನ ಅನ್ನೋದು ಅವರ ವಾದ. ಕ್ಯಾಲಿಫೋರ್ನಿಯಾದ ಬಹುತೇಕ ಕೌಂಟಿಗಳಲ್ಲಂತೂ ಶೆರಿಫೇ, ಅಂದ್ರೆ ಪೊಲೀಸ್ ಮುಖ್ಯಸ್ಥನೇ, ಕರೋನರ್.

ಉಮೇಶ: ನೋಡಿದ್ರಾ!! ನಾನು ಹೇಳ್ಲಿಲ್ವಾ!

ಪ್ರಸನ್ನ: ನೀನೆಲ್ಲಿ ಹೇಳಿದೆ?

ಶೈಲಾ: ಸರಿ, ಕೆಲವರು ಬರೀತಾರೆ. ಆದರೆ ಪೊಲೀಸಿನವನು ಹಗ್ಗ ಅಲ್ಲ, ವಿಷದ ಬಾಟ್ಲಿ ಅಲ್ಲ. ಹಾರಿಸದೇ ಇರೋ ದಾರಿ ಅವನಿಗಿತ್ತು. ನನ್ನ ಪ್ರಕಾರ ಹೋಮಿಸೈಡೇ.

ಗೀತಾ: ಶೈಲಾ ಒಂದು ಹೇಳಿದ್ಮೇಲೆ ಜಯಂತ ತಿದ್ದಲೇಬೇಕು. ಫಸ್ಟ್ ಇಯರ್‌ನಿಂದ ನೋಡ್ತಿದೀವಿ 😂

ರಾಮಮೂರ್ತಿ ಸರ್: ಮಕ್ಕಳೇ, ಮನುಷ್ಯ ಜನ್ಮ ದೊಡ್ಡದು. ಮನೆಯಲ್ಲಿ ಸಂಸ್ಕಾರ ಕೊಟ್ಟರೆ ಇವೆಲ್ಲ ಆಗುವುದಿಲ್ಲ. ಶುಭರಾತ್ರಿ 🌹

ಉಮೇಶ: ನಿಜ ಸರ್ 🙏

ನಾಗರಾಜ: ಅಲ್ಲ ಶೈಲಾ, ಅಂವನೂ ಹಾರಿಸಿಕೊಂಡು ಪೊಲೀಸರೂ ಹಾರಿಸಿದ್ರ?

ಶೈಲಾ: ಒಳ್ಳೆ ಪ್ರಶ್ನೆ. ತಾನೇ ಒತ್ತಿಟ್ಟು ಹಾರಿಸಿಕೊಂಡಿದ್ರೆ ಚರ್ಮದ ಮೇಲೆ ನಳಿಗೆಯ ಅಚ್ಚು, ಗಾಯದೊಳಗೆ ಮಸಿ. ಪೊಲೀಸರು ದೂರದಿಂದ ಹಾರಿಸಿದ ಗುಂಡಿನ ಗಾಯಕ್ಕೆ ಮಸಿ ಇಲ್ಲ, ಸುತ್ತ ಮದ್ದಿನ ಚುಕ್ಕಿ ಇಲ್ಲ. ಆದರೆ ಬಟ್ಟೆ ಅಡ್ಡ ಇದ್ರೆ ಮಸಿಯನ್ನ ಅದೇ ಹಿಡಿದುಕೊಳ್ಳತ್ತೆ. ಚರ್ಮ ಮಾತ್ರ ನೋಡಿ ‘ದೂರದ ಗುಂಡು’ ಅಂದು ಬೇಸ್ತು ಬೀಳೋದು ಅಲ್ಲೇ. ಕ್ಯಾಶುಯಾಲ್ಟಿಯಲ್ಲಿ ಗುಂಡಿನ ತೂತಿನ ಮೇಲೇ ಕತ್ತರಿ ಆಡಿಸಿ ಅಂಗಿ ಬಿಸಾಕಿದ್ರೆ ಮುಗೀತು ಕಥೆ. ಗುಂಡನ್ನೂ ಹಲ್ಲಿರೋ ಫೋರ್ಸೆಪ್ಸಲ್ಲಿ (ಚಿಮಟ) ಎತ್ತಬಾರದು, ಗುಂಡಿನ ಮೈಮೇಲೆ ನಳಿಗೆ ಮೂಡಿಸಿದ ಗೆರೆ ಕೆಟ್ಟರೆ ಯಾರ ಬಂದೂಕಿಂದು ಅಂತ ಹೇಳೋಕಾಗಲ್ಲ. ಪ್ರಾಣ ತೆಗೆದದ್ದು ಯಾವ ಗುಂಡು ಅನ್ನೋದರ ಮೇಲೆ ಖಾನೆ.

ನಾಗರಾಜ: ಫೋರೆನ್ಸಿಕ್ ಮ್ಯೂಸಿಯಮ್ಮಿನ ಆ ಜಾಡಿಗಳು ನೆನಪದಾವ? ಮುಂದ ಮಿರ್ಚಿ ಗಾಡಿ ಬ್ಯಾರೆ!

ಗೀತಾ: ಆ ಗಾಡಿಯವನ ಬಾಕಿ ಇನ್ನೂ ಯಾರ್ದೋ ಇತ್ತಲ್ಲ 👀

ಜಯಂತ: ನಾನು ಕೊಟ್ಟಾಗಿದೆ.

ಪ್ರಸನ್ನ: ಉಮೇಶ, ಮೊದಲು ಆ ಫಾರ್ವರ್ಡ್ ಡಿಲೀಟ್ ಮಾಡು.

ಉಮೇಶ: ಇನ್ನು ಮೂರು ಗ್ರೂಪಿಗೆ ಹೋಗಿದೆ. ಒಂದರಲ್ಲಿ ನಿನ್ನ ಅಕ್ಕನೇ ಥ್ಯಾಂಕ್ಸ್ ಅಂದಿದಾರೆ.