ಅಪ್‌ಡೇಟ್: ಬಾನೆಟ್ ಮೇಲಿನ ಬಿಳಿ ಹೋಯ್ತು, ಚಾರ್ಜರ್ ಉಳಿಯಿತು

ಹೋದ ತಿಂಗಳು ಕೇಳಿದ್ದೆ: 1969ರ ಡಾಡ್ಜ್ ಚಾರ್ಜರ್ ಅನ್ನೋ ಅಮೆರಿಕನ್ ಕಾರಿನ 1/25 ಅಳತೆಯ ಮಾಡೆಲ್ ಕಿಟ್, ಕಪ್ಪು ಲ್ಯಾಕರ್ ಪೇಂಟ್ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಕೋಟ್) ಹೊಡೆದ ಹತ್ತೇ ನಿಮಿಷಕ್ಕೆ ಬಾನೆಟ್ ಪೂರ್ತಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿದೆ, ಪೇಂಟ್ ಎಲ್ಲ ಕಿತ್ತು ಹಾಕಬೇಕಾ ಅಂತ. ಬೇಡ ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಕಾರಣ ನೀವು ಹೇಳಿದ್ದೇ. ಮಂಗಳೂರಿನ ಮಳೆಗಾಲದ ಸಂಜೆ ಸ್ಪ್ರೇ ಮಾಡಿದ್ದೆ. ಪೇಂಟ್ ತೆಳು ಮಾಡೋ ಥಿನ್ನರ್ ಬೇಗ ಆರಿದರೆ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಪೇಂಟ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲು ಬರೋವರೆಗೆ ಕಾದೆ. ಆಮೇಲೆ ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರನ್ನು ಏರ್‌ಬ್ರಷ್‌ಗೆ (ಸಣ್ಣ ಸ್ಪ್ರೇ ಗನ್) ಹಾಕಿ, ಸ್ವಲ್ಪ ದೂರದಿಂದ, ತೆಳುವಾಗಿ ಒಂದೇ ಸಲ ಹಾಯಿಸಿದೆ. ಕಣ್ಣೆದುರೇ ಬಿಳಿ ಕರಗಿತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಕೊನೆಗೆ ಟ್ಯೂಬ್‌ಲೈಟ್ ಬಾನೆಟ್ ಮೇಲೆ ನೆಟ್ಟಗೆ ಒಂದು ಗೆರೆಯಾಗಿ ಕಂಡಾಗ ಎಷ್ಟು ಖುಷಿಯಾಯಿತು ಅಂದ್ರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಒಂದು ವಾರ ಬಿಟ್ಟು 3000 ಗ್ರಿಟ್ ವಾಟರ್ ಪೇಪರ್ (ತುಂಬಾ ನಯವಾದ ಉಜ್ಜುವ ಕಾಗದ), ಆಮೇಲೆ ಪಾಲಿಶ್. ಅಂಚಿನಲ್ಲಿ ಮಾತ್ರ ಜಾಸ್ತಿ ಉಜ್ಜಬೇಡಿ, ಅಲ್ಲಿ ಪೇಂಟ್ ತೆಳು.

ಈ ಕಾರಿನ 426 ಹೆಮಿ ಅನ್ನೋ ಇಂಜಿನ್‌ಗೆ ಕಿತ್ತಳೆ ಬಣ್ಣ ಹಚ್ಚಿಯಾಯಿತು. ಈ ಕಾರು 1968ರದ್ದಾ ಅಂತ ಒಬ್ಬರು ಕೇಳಿದ್ದರು. ಅಲ್ಲ, 69ರದ್ದೇ. ಗ್ರಿಲ್ ನಡುವೆ ಪಟ್ಟಿ ಇದೆ, ಹಿಂದಿನ ದೀಪಗಳು ಉದ್ದುದ್ದ ಇವೆ. 68ರಲ್ಲಿ ಆ ಪಟ್ಟಿ ಇಲ್ಲ, ದೀಪಗಳೂ ದುಂಡಗೆ. ಈ ಮುಖ ನೋಡಿಯೇ ನಾನು ಈ ಕಿಟ್ ತಗೊಂಡಿದ್ದು.

ಕಿಟಕಿ ಸುತ್ತ ಕ್ರೋಮ್ ಫಾಯಿಲ್ (ಬೆಳ್ಳಿಯಂತೆ ಹೊಳೆಯುವ ತೆಳು ಹಾಳೆ) ಅಂಟಿಸೋದು ಬಾಕಿ ಇದೆ. ಅದನ್ನು ಕತ್ತರಿಸೋಕೆ ಹೊಸ ಬ್ಲೇಡ್ ತಂದಿಟ್ಟಿದ್ದೇನೆ, ಭಾನುವಾರ ಕೂರುತ್ತೇನೆ.